ನ್ಯಾಯಾಧೀಶರ ಪಕ್ಕದ ಕುರ್ಚಿ

ಸ್ತಾರಿ ಬ್ರಿದ್
ನವೆಂಬರ್ 3, 1998

ಅಮ್ಮಾ,

ನೀವು ನೇಪಲ್ಸ್‌ನಿಂದ ಕಳಿಸಿದ ಡಬ್ಬ ಭಾನುವಾರದ ವ್ಯಾನಿನಲ್ಲಿ ಬಂತು. ಎಣ್ಣೆಯ ಬಾಟಲಿ ಒಡೆದಿರಲಿಲ್ಲ. ಮೆಲಾಸ್ಯಾಳ ಉಣ್ಣೆ ಟೋಪಿ ದೊಡ್ಡದಾಯಿತು, ಬರುವ ವರ್ಷಕ್ಕೆ ಸರಿಹೋದೀತು. ಅವಳಿಗೆ ಐದು ತಿಂಗಳು ತುಂಬಿತು. ನನಗೆ ನಿದ್ದೆಯಿಲ್ಲ. ಅವಳು ಅತ್ತರೆ ಏಕೆ ಅಳುತ್ತಿದ್ದಾಳೆ ಎಂದು ಎದ್ದು ಕೂರುತ್ತೇನೆ, ಅಳದಿದ್ದರೆ ಉಸಿರಾಡುತ್ತಿದ್ದಾಳೆಯೇ ಎಂದು ಎದ್ದು ಕೂರುತ್ತೇನೆ. ನಿಮ್ಮ ಅಳಿಯ ಓರೆಸ್ತ್ ವಾರ್ಸಾದಿಂದ ವಾರಕ್ಕೊಮ್ಮೆ ಫೋನ್ ಮಾಡಿ, "ಊಟ ಮಾಡಿದ್ಯಾ? ಮಗು ಊಟ ಮಾಡ್ತಾ?" ಎಂದು ಕೇಳಿ ಇಟ್ಟುಬಿಡುತ್ತಾನೆ. ಕಟ್ಟಡದ ಕೆಲಸದವರೆಲ್ಲ ಅವನ ಹಿಂದೆ ಸಾಲುಗಟ್ಟಿ ನಿಂತಿರುತ್ತಾರಂತೆ.

ನಿಮಗೆ ನಗು ಬರುವ ಸುದ್ದಿಯೊಂದಿದೆ. ಜಿಲ್ಲಾ ಕೋರ್ಟಿನಿಂದ ಹೆಂಗಸೊಬ್ಬಳು ಮನೆಗೇ ಬಂದಿದ್ದಳು.

"ಯಾರಿನಾ ಮಿಖೈಲಿವ್ನಾ, ಹದಿನಾರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಬನ್ನಿ. ಜನಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ."

"ನಾನು ಹೆರಿಗೆ ರಜೆಯಲ್ಲಿದ್ದೀನಲ್ಲ?"

"ರಜೆಯಲ್ಲಿರೋದಕ್ಕೇ ಕೇಳ್ತಿರೋದು. ಕೆಲಸದಲ್ಲಿರೋರು ಒಬ್ರೂ ಬರ್ತಿಲ್ಲ. ಒಬ್ಬನಿಗೆ ಬೆನ್ನುನೋವು, ಒಬ್ಬಳಿಗೆ ಆಲೂಗಡ್ಡೆ ಅಗೆಯೋದಿದೆ, ಇನ್ನೊಬ್ಬ ಪೋರ್ಚುಗಲ್‌ಗೇ ಹೋಗ್ಬಿಟ್ಟಿದಾನೆ. ಕುರ್ಚಿ ಖಾಲಿ ಇದ್ರೆ ಕೇಸು ನಡೆಯಲ್ಲ."

ಹೋದ ವರ್ಷ ಶಾಲೆಯವರು ನನ್ನ ಹೆಸರು ಬರೆದುಕೊಟ್ಟಿದ್ದರು. ನೀವು ಹತ್ತು ವರ್ಷ ಕೂತ ಕುರ್ಚಿ ಅದು. ನ್ಯಾಯಾಧೀಶರ ಎಡಕ್ಕೊಬ್ಬರು, ಬಲಕ್ಕೊಬ್ಬರು, ಕಾನೂನು ಓದದ ಜನ. ನೇಯ್ಗೆ ಕಾರ್ಖಾನೆಯಿಂದ ಬಿಳಿ ಕಾಲರಿನ ಅಂಗಿ ತೊಟ್ಟು ನೀವು ಹೊರಡುತ್ತಿದ್ದದ್ದು ನೆನಪಿದೆ. ಊರಿನವರು ನಿಮ್ಮನ್ನೆಲ್ಲ 'ತಲೆಯಾಡಿಸುವವರು' ಎನ್ನುತ್ತಿದ್ದದ್ದೂ ನೆನಪಿದೆ. ನ್ಯಾಯಾಧೀಶರು ಎಡಕ್ಕೆ ತಿರುಗಿದರೆ ಎಡದವರು ತಲೆಯಾಡಿಸುವುದು, ಬಲಕ್ಕೆ ತಿರುಗಿದರೆ ಬಲದವರು.

ಆದರೆ ನಾನು ಕಾನೂನಿನ ಪುಸ್ತಕ ತೆಗೆದು ನೋಡಿದೆ. ಮೂವರ ಮತಕ್ಕೂ ಒಂದೇ ತೂಕ. ನ್ಯಾಯಾಧೀಶರು ಕೊನೆಯಲ್ಲಿ ಮತ ಹಾಕಬೇಕು, ನಮ್ಮ ಮೇಲೆ ಪ್ರಭಾವ ಬೀಳಬಾರದೆಂದು. ಪಕ್ಕದವರಿಬ್ಬರೂ ಒಂದಾದರೆ ನ್ಯಾಯಾಧೀಶರ ಮಾತು ನಡೆಯುವುದಿಲ್ಲ! ಇದು ನಿಮಗೆ ಗೊತ್ತಿತ್ತೇ? ಸಂವಿಧಾನ ಬಂದು ಎರಡು ವರ್ಷವಾಯಿತು, ಶಾಲೆಯಲ್ಲಿ ಮಕ್ಕಳಿಗೆ ಅದನ್ನು ಓದಿ ಹೇಳಿದವಳು ನಾನೇ. ವಿಚಾರಣೆಯ ಕಾನೂನು ಮಾತ್ರ ಇನ್ನೂ ನೀವು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಇರಲಿ, ಅದರಲ್ಲೂ ಒಳ್ಳೆಯ ಸಾಲುಗಳಿವೆ.

ಕೇಸು ಯುಖಿಮ್ ಸ್ಕಿಬಾ ಎಂಬುವನದು. ಪಕ್ಕದ ಹಳ್ಳಿಯಲ್ಲಿ ಈಗ ಒಡೆದು ಊರವರಿಗೆ ಹಂಚುತ್ತಿರುವ ಸಾಮೂಹಿಕ ತೋಟದ ಕಾವಲುಗಾರ. ಫೆಬ್ರವರಿಯಲ್ಲಿ ಅಲ್ಲಿನ ಕಚೇರಿ ಸುಟ್ಟುಹೋಯಿತು. ಯಾರಿಗೆ ಎಷ್ಟು ನೆಲ ಹಂಚಬೇಕೆಂಬ ಪಟ್ಟಿಗಳು ಒಳಗಿದ್ದವು. ಬೆಂಕಿ ಇಟ್ಟವನು ಇವನೇ ಎಂದು ಮಾರ್ಚ್‌ನಿಂದ ಒಳಗಿಟ್ಟಿದ್ದಾರೆ. ನ್ಯಾಯಾಧೀಶರು ಲಿದಿಯಾ ಸ್ತೆಪಾನಿವ್ನಾ. ನಿಮ್ಮ ಪರಿಚಯದವರಲ್ಲವೇ? ಮಗುವನ್ನು ಕೆಳಮನೆಯ ಸ್ತೆಫಾ ನೋಡಿಕೊಳ್ಳುತ್ತಾಳೆ, ಹಾಲು ಕುಡಿಸುವ ಹೊತ್ತಿಗೆ ಕೋರ್ಟಿಗೇ ತರುತ್ತಾಳೆ.

ನಿಮ್ಮ
ಯಾರಿನಾ


ನೇಪಲ್ಸ್
ನವೆಂಬರ್ 12, 1998

ಯಾರಿಂಕಾ,

ಬೆನ್ನುನೋವು ಅಂತ ಹೇಳು. ಹಾಲು ಬತ್ತಿದೆ ಅಂತ ಹೇಳು. ಏನಾದ್ರೂ ಹೇಳಿ ತಪ್ಪಿಸ್ಕೊ. ಎಳೆ ಮಗು ತಾಯಿನ ಕೋರ್ಟಿಗೆ ಎಳೆಯಕ್ಕೆ ಅವರಿಗೇನು ಅಧಿಕಾರ?

ಹೋಗಲೇಬೇಕು ಅಂದ್ರೆ ಹೋಗಿ ಸುಮ್ನೆ ಕೂತ್ಕೊ. ಕಾಗದ ಮುಂದೆ ಇಟ್ಟಾಗ ಸಹಿ ಹಾಕಿ ಮನೆಗೆ ಬಾ. ಲಿದಿಯಾ ಕಾನೂನು ಓದಿದಾಳೆ, ನೀನು ಓದಿರೋದು ನದಿ, ಪರ್ವತ. ಅವಳು ಕೆಟ್ಟವಳಲ್ಲ. ಭಯಸ್ಥೆ ಅಷ್ಟೆ. ಭಯ ಇರೋರ ಪಕ್ಕದಲ್ಲಿ ಕೂತಾಗ ತುಂಬಾ ಹುಷಾರಾಗಿರ್ಬೇಕು.

ನಿಮ್ಮ ಹೆಡ್‌ಮಾಸ್ಟರ್‌ನ ನೇಮಿಸೋದೂ ಜಿಲ್ಲೆಯ ದೊಡ್ಡೋರೇ ಅಂತ ನೆನಪಿಟ್ಕೊ. ರಜೆ ಮುಗಿದ ಮೇಲೆ ನಿನಗೆ ಕೆಲಸ ಬೇಕು. ಪುಸ್ತಕದಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು.

ಇಲ್ಲಿ ನಾನು ನೋಡಿಕೊಳ್ಳೋ ಅಜ್ಜಿಗೆ ಶೀತ. ನಾನು ಚೆನ್ನಾಗಿದೀನಿ. ಮಗುವಿನ ಬೆನ್ನು ಬೆಚ್ಚಗಿಡು.

ಅಮ್ಮ


ಸ್ತಾರಿ ಬ್ರಿದ್
ನವೆಂಬರ್ 27, 1998

ಅಮ್ಮಾ,

ಆಯಿತು! ನಾನು ಸುಮ್ಮನೆ ಕೂರಲಿಲ್ಲ.

ಒಳಕೋಣೆಯ ಮಾತನ್ನು ಹೊರಗೆ ಹೇಳಬಾರದೆಂದು ಕಾನೂನಿದೆ. ನೀವೂ ಕೂತವರೇ ಆದ್ದರಿಂದ ಹೇಳುತ್ತಿದ್ದೇನೆ. ಈ ಕಾಗದ ಹರಿದುಹಾಕಿ.

ಯುಖಿಮ್‌ಗೆ ನಲವತ್ತೈದು ಇರಬಹುದು, ನೋಡಲು ಅರವತ್ತು. ಕಬ್ಬಿಣದ ಕಟಕಟೆಯೊಳಗೆ ಕೈ ಹಿಂದೆ ಕಟ್ಟಿಕೊಂಡೇ ನಿಂತಿರುತ್ತಿದ್ದ. 'ಕೂತ್ಕೊ' ಎಂದರೂ ಮೂರು ಸಲ ಹೇಳಬೇಕು. ತಪ್ಪೊಪ್ಪಿಗೆ ಓದಿದರು: "ನಾನು ವೈಯಕ್ತಿಕ ದ್ವೇಷದ ಪ್ರೇರಣೆಯಿಂದ ದಹನಶೀಲ ದ್ರವವನ್ನು ಬಳಸಿ…" ಆ ಮಾತು ಅವನದಾಗಿರಲು ಸಾಧ್ಯವೇ? ಲಿದಿಯಾ ಸ್ತೆಪಾನಿವ್ನಾ ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಸಹಿ ಹಾಕು ಅಂದ್ರು, ಹಾಕ್ದೆ. ಹಾಕಿದ ಮೇಲೆ ಹೊಡೆಯೋದು ನಿಲ್ಲಿಸಿದ್ರು."

ನ್ಯಾಯಾಧೀಶರ ಇನ್ನೊಂದು ಪಕ್ಕದಲ್ಲಿದ್ದವರು ಪನಾಸ್ ತಾತ, ಸಾಮೂಹಿಕ ತೋಟದಲ್ಲಿ ದನದ ವೈದ್ಯರ ಸಹಾಯಕರಾಗಿದ್ದವರು. ಇಪ್ಪತ್ತು ವರ್ಷದಿಂದ ಜನಸದಸ್ಯ. ಮಧ್ಯಾಹ್ನವಾದರೆ ಕಣ್ಣು ತೆರೆದೇ ನಿದ್ದೆ ಮಾಡುತ್ತಾರೆ.

ಕಡತದಲ್ಲಿ ಸುಟ್ಟ ಕಚೇರಿಯ ಫೋಟೋಗಳಿದ್ದವು. ಭೂಗೋಳದ ಟೀಚರು ಚಿತ್ರ ನೋಡುವುದನ್ನು ಮರೆಯುವುದಿಲ್ಲ. ಪಟ್ಟಿಗಳನ್ನಿಟ್ಟಿದ್ದ ಕಬ್ಬಿಣದ ಬೀರು ಬಾಗಿಲು ತೆರೆದು ನಿಂತಿದೆ. ಬೀಗ ಒಡೆದಿಲ್ಲ. ಒಳಗೆ ಬೂದಿಯಿಲ್ಲ, ಒಂದು ಹಿಡಿ ಕೂಡ. ಕಾಗದ ಅಲ್ಲೇ ಸುಟ್ಟಿದ್ದರೆ ಬೂದಿ ಎಲ್ಲಿ? ಆ ಬೀರುವಿನ ಕೀಲಿ ಒಂದೇ, ಅದು ತೋಟದ ಅಧ್ಯಕ್ಷನ ಹತ್ತಿರ ಇರುತ್ತಿತ್ತೆಂದು ಸ್ವತಃ ಅವನೇ ಸಾಕ್ಷಿ ಹೇಳಿದ್ದಾನೆ. ಪಟ್ಟಿಯನ್ನು ಮೊದಲೇ ತೆಗೆದಿದ್ದಾರೆ ಅಮ್ಮಾ. ಆಮೇಲೆ ಬೆಂಕಿ. ಪಟ್ಟಿ ಇಲ್ಲದಿದ್ದರೆ ನೆಲ ಹಂಚುವವನು ಹೇಳಿದ್ದೇ ಲೆಕ್ಕ.

ಬುಧವಾರ ಪ್ರಾಸಿಕ್ಯೂಟರ್ ಎಂಟು ವರ್ಷ ಕೇಳಿದ. ನಾವು ಮೂವರು ಒಳಕೋಣೆಗೆ ಹೋದೆವು. ಬಾಗಿಲು ಹಾಕಿದರೆ ತೀರ್ಪಾಗುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಮೇಜಿನ ಮೇಲೆ ತೀರ್ಪು ಮೊದಲೇ ಟೈಪಾಗಿ ಕೂತಿತ್ತು. ವರ್ಷದ ಜಾಗ ಮಾತ್ರ ಖಾಲಿ.

ನಾನು ಫೋಟೋ ಮುಂದಿಟ್ಟು ಬೂದಿಯ ಮಾತು ಹೇಳಿದೆ.  ಲಿದಿಯಾ ಸ್ತೆಪಾನಿವ್ನಾ ಕನ್ನಡಕ ತೆಗೆದು ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಸಿಗರೇಟು ಹಚ್ಚಿದರು, ನನ್ನ ಎದೆಹಾಲು ನೆನಪಾಗಿ ಆರಿಸಿದರು. ಅಷ್ಟರಲ್ಲಿ ಹೊರಗೆ ಕಾರಿಡಾರಿನಲ್ಲಿ ಮೆಲಾಸ್ಯಾ ಅಳಲು ಶುರುಮಾಡಿದಳು. ನನ್ನ ರವಿಕೆ ಒದ್ದೆಯಾಗುತ್ತಿತ್ತು.

"ಸರಿ," ಎಂದರು ಅವರು. "ನೀನು ಹೇಳೋದರಲ್ಲಿ ಅರ್ಥ ಇದೆ. ಶಿಕ್ಷೆ ಬೇಡ. ಹೆಚ್ಚುವರಿ ತನಿಖೆಗೆ ವಾಪಸ್ ಕಳಿಸೋಣ. ತನಿಖೆಯೋರ ತಪ್ಪು ಅವರೇ ತಿದ್ದಲಿ. ಏನಂತೀರಿ ಪನಾಸ್ ಹ್ನಾತೊವಿಚ್?"

ಪನಾಸ್ ತಾತ ತಲೆಯಾಡಿಸಿದರು.

"ಮಗು ಅಳ್ತಿದೆ ಯಾರಿನಾ. ಸಹಿ ಹಾಕಿ ಹೋಗಮ್ಮಾ."

ಹಾಕಿದೆ. ಹೊರಗೆ ಬಂದರೆ ಮಗು ಸ್ತೆಫಾಳ ಹತ್ತಿರ ಇರಲಿಲ್ಲ. ಯುಖಿಮ್‌ನ ಹೆಂಡತಿ ಪರಾಸ್ಕಾ ಎತ್ತಿಕೊಂಡು ಕಿಟಕಿಯ ಹತ್ತಿರ ತೂಗಾಡಿಸುತ್ತಿದ್ದಳು. ಯಾರ ಮಗು ಎಂದು ಅವಳಿಗೆ ಗೊತ್ತಿರಲಿಲ್ಲವಂತೆ. "ಬೆರಳು ಕಚ್ಚಿದ್ಲು, ಹಲ್ಲು ಬರ್ತಿದೆ ನೋಡಿ," ಎಂದು ಕೊಟ್ಟಳು. ಆಮೇಲೆ ಆದೇಶ ಓದಿದಾಗ ಅವಳ ವಕೀಲ, "ಶಿಕ್ಷೆ ಆಗಲಿಲ್ಲ, ಒಳ್ಳೇದಾಯ್ತು ಬಿಡಿ," ಎಂದ. ಅವಳು ನನ್ನತ್ತ ತಲೆಬಾಗಿದಳು.

ಒಬ್ಬ ಮನುಷ್ಯನಿಗೆ ಎಂಟು ವರ್ಷ ಉಳಿಸಿದೆ ಅಮ್ಮಾ. ಅದೂ ನದಿ, ಪರ್ವತ ಓದಿದವಳು. ನೀವು ಹತ್ತು ವರ್ಷ ಆ ಕುರ್ಚಿಯಲ್ಲಿ ಕೂತಿರಿ. ಪುಸ್ತಕದಲ್ಲಿ ಏನಿದೆಯೆಂದು ಗೊತ್ತಿದ್ದೂ ಒಂದು ಸಲವಾದರೂ ಬಾಯಿ ಬಿಟ್ಟಿದ್ದೀರಾ? ಬಯ್ಯುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೆ.

ಯಾರಿನಾ


ನೇಪಲ್ಸ್
ಡಿಸೆಂಬರ್ 6, 1998

ಯಾರಿನಾ,

ಕಾಗದ ಸಿಕ್ಕಿತು. ಹರಿದು ಹಾಕಿದೆ.

ಡಬ್ಬದಲ್ಲಿ ಇರೋದು: ಹಲ್ಲು ಬರುವ ಮಕ್ಕಳು ಕಚ್ಚೋ ರಬ್ಬರು ಬಳೆ, ಎರಡು ಪೊಟ್ಟಣ ಕಾಫಿ, ನಿನಗೆ ಒಳಂಗಿ, ಓರೆಸ್ತ್‌ಗೆ ಕೈಚೀಲ. ಸ್ತೆಫಾಗೆ ಸೋಪು.

ಅಮ್ಮ


ಸ್ತಾರಿ ಬ್ರಿದ್
ಫೆಬ್ರವರಿ 20, 1999

ಅಮ್ಮಾ,

ಕ್ರಿಸ್ಮಸ್‌ಗೆ ಬರೆದೆ, ಜನವರಿ ಕೊನೆಗೆ ಬರೆದೆ. ಡಬ್ಬಗಳು ಬರುತ್ತಿವೆ, ಕಾಗದವಿಲ್ಲ. ವ್ಯಾನಿನ ಡ್ರೈವರನ್ನು ಕೇಳಿದರೆ, "ನಿಮ್ಮಮ್ಮ ಚೆನ್ನಾಗೇ ಇದಾರೆ, ನನ್ನ ಜೊತೆ ಜಗಳಾನೂ ಆಡಿದ್ರು," ಎಂದ. ನಾನು ಕೇಳಿದ್ದಕ್ಕೆ ನಿಮಗೆ ನೋವಾಗಿದೆ ಎಂದು ತಿಳಿದಿದೆ. ಆ ಸಾಲನ್ನು ಬರೆದ ಮೇಲೆ ನನಗೇ ಹೆಮ್ಮೆಯೆನಿಸಿತ್ತು. ಅದನ್ನು ನೆನೆದರೆ ಈಗ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಗುರುವಾರ ಪರಾಸ್ಕಾ ಬಂದಿದ್ದಳು. ಮೆಟ್ಟಿಲ ಹತ್ತಿರವೇ ಬೂಟು ಬಿಚ್ಚಿ, ಒಳಗೆ ಬಾ ಎಂದರೂ ಬರದೆ, ಹೊಸ್ತಿಲಲ್ಲೇ ನಿಂತಳು.

"ಟೀಚರಮ್ಮಾ, ಲಂಚ ಗಿಂಚ ಏನೂ ತಂದಿಲ್ಲ, ಹೆದರ್ಬೇಡಿ. ಒಂದು ಮಾತು ಕೇಳಕ್ಕೆ ಬಂದೆ. ಅವತ್ತು ಎಲ್ರೂ ಒಳ್ಳೇದಾಯ್ತು ಅಂದ್ರು. ಒಳ್ಳೇದಾಗಿದ್ರೆ ನಮ್ಮನೆಯವರು ಯಾಕೆ ಇನ್ನೂ ಒಳಗಿದಾರೆ?"

 ಅವನು ಮನೆಗೆ ಹೋಗಿರುತ್ತಾನೆಂದೇ ಅಂದುಕೊಂಡಿದ್ದೆ. ಇಷ್ಟು ಓದಿದವಳು ಅದನ್ನು ವಿಚಾರಿಸಲೂ ಇಲ್ಲ. ಮಗುವಿನ ಹಲ್ಲು, ಮಗುವಿನ ಜ್ವರ, ನನ್ನ ನಿದ್ದೆ.

"ತನಿಖೆಯೋರು ಮೂರು ತಿಂಗಳಲ್ಲಿ ಒಂದ್ಸಲಾನೂ ಹಳ್ಳಿಗೆ ಬಂದಿಲ್ಲ," ಎಂದಳು. "ಇವರನ್ನ ಒಂದು ಮಾತೂ ಕೇಳಿಲ್ಲ. ಅರವತ್ತು ಜನ ಇರೋ ಕೋಣೆ ಅದು. ಕೆಮ್ಮು ಹಿಡಿದಿದೆ. ಹೋದ್ಸಲ ನೋಡಿದಾಗ ಕರ್ಚೀಫು ಮುಚ್ಚಿಟ್ಕೊಂಡ್ರು. ನಾನು ಕಿತ್ಕೊಂಡು ನೋಡ್ದೆ. ರಕ್ತ."

ಆಮೇಲೆ ನನ್ನ ತೋಳಿನಲ್ಲಿದ್ದ ಮೆಲಾಸ್ಯಾಳನ್ನು ನೋಡಿ, "ಎರಡು ಹಲ್ಲು ಬಂದಿದೆ," ಎಂದು ಹೇಳಿ ಇಳಿದು ಹೋದಳು.

ಮರುದಿನ ಲಿದಿಯಾ ಸ್ತೆಪಾನಿವ್ನಾ ಅವರ ಕೋಣೆಗೆ ಹೋದೆ. ಅವರು ಕೋಪಿಸಿಕೊಳ್ಳಲಿಲ್ಲ. ಟೀ ಹಾಕಿಕೊಟ್ಟರು.

"ಯಾರಿನಾ, ಶಿಕ್ಷೆ ಅಂತ ಬರೆದ್ರೆ ನೀನು ಯಾಕೆ ಅಂತ ಕೇಳ್ತೀಯ. ಖುಲಾಸೆ ಅಂತ ಬರೆದ್ರೆ ಪ್ರಾಸಿಕ್ಯೂಟರ್ ಕೇಳ್ತಾನೆ, ಪ್ರಾಂತ ಕೋರ್ಟು ಕೇಳುತ್ತೆ, ಫೋನು ಮಾಡೋರು ಕೇಳ್ತಾರೆ. ವಾಪಸ್ ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ. ನಾನು ಹತ್ತು ವರ್ಷದಿಂದ ನ್ಯಾಯಾಧೀಶೆ. ಒಂದೂ ಖುಲಾಸೆ ಬರೆದಿಲ್ಲ. ಪಕ್ಕದ ಜಿಲ್ಲೆಯವನೂ ಬರೆದಿಲ್ಲ. ಹೇಗೆ ಬರೀಬೇಕು ಅನ್ನೋ ಮಾದರಿ ಕಾಗದಾನೇ ನಮ್ಮ ಟೈಪಿಸ್ಟ್ ಹತ್ರ ಇಲ್ಲ."

"ಹಾಗಾದ್ರೆ ಅವನು?"

"ಒಳಗಿದ್ದಷ್ಟು ದಿನ ಶಿಕ್ಷೆಯಲ್ಲಿ ಕಳೀತಾರೆ. ಆಮೇಲೆ ಅಷ್ಟೇ ವರ್ಷದ ಶಿಕ್ಷೆ ಕೊಟ್ಟು ಮನೆಗೆ ಕಳಿಸ್ತಾರೆ. ಎಲ್ರೂ ಹೀಗೇ ಮಾಡೋದು."

ಅವನು ಅಷ್ಟು ದಿನ ಬದುಕಿದರೆ.

ನಾನು ಎಂಟು ವರ್ಷ ಉಳಿಸಲಿಲ್ಲ ಅಮ್ಮಾ. ನಾನು ಮನೆಗೆ ಹೋಗಿ ಮಗುವಿಗೆ ಹಾಲು ಕುಡಿಸಿದೆ. ಆ ಕಾಗದಕ್ಕೆ ನನ್ನ ಸಹಿಯಿದೆ. ಹೀಗಾಗುತ್ತದೆಂದು ನಿಮಗೆ ಗೊತ್ತಿತ್ತೇ? ಗೊತ್ತಿದ್ದರೆ ಡಿಸೆಂಬರಿನಲ್ಲೇ ಏಕೆ ಹೇಳಲಿಲ್ಲ?

ಯಾರಿನಾ


ನೇಪಲ್ಸ್
ಮಾರ್ಚ್ 28, 1999

ಯಾರಿಂಕಾ, ಮಗಳೇ,

ಗೊತ್ತಿತ್ತು. ನಿನ್ನ ನವೆಂಬರ್ ಕಾಗದ ಓದಿದ ತಕ್ಷಣ ಗೊತ್ತಾಯ್ತು. ಹೇಳಲಿಲ್ಲ, ಯಾಕಂದ್ರೆ ಸಿಟ್ಟು ಬಂದಿತ್ತು. ಇವಳೇ ಕಲಿತ್ಕೊಳ್ಳಲಿ ಅಂದ್ಕೊಂಡೆ. ಆ ಮನುಷ್ಯ ಒಳಗಿದಾನೆ ಅನ್ನೋದು ನನ್ನ ತಲೆಗೂ ಬರಲಿಲ್ಲ. ನೀನೊಬ್ಬಳೇ ಮರೆತಿದ್ದಲ್ಲ.

ಈಗ ಕೇಳು. ಇಲ್ಲಿ ಅಜ್ಜಿ ಮಲಗಿದೆ, ನನಗೆ ಎರಡು ಗಂಟೆ ಬಿಡುವಿದೆ.

ಎಂಬತ್ಮೂರರಲ್ಲಿ ನಮ್ಮ ಕಾರ್ಖಾನೆಯ ಕತ್ರ್ಯಾ ಮೇಲೆ ಕೇಸು ಹಾಕಿದ್ರು. ನೂಲಿನ ಉಂಡೆ ಕದ್ಲು ಅಂತ. ನೂಲು ಒಯ್ಯದೇ ಇದ್ದೋರು ಯಾರೂ ಇರಲಿಲ್ಲ, ನಿನ್ನ ಕೆಂಪು ಸ್ವೆಟರು ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ಅವಳು ಮಾಡಿದ ತಪ್ಪು ಬೇರೆ. ಸಭೆಯಲ್ಲಿ ಎದ್ದು ನಿಂತು ಡೈರೆಕ್ಟರನ್ನ ಪ್ರಶ್ನೆ ಕೇಳಿದ್ಲು. ಆ ಕೇಸಿಗೆ ಪಕ್ಕದ ಕುರ್ಚಿಯಲ್ಲಿ ನಾನು. ಇನ್ನೊಂದರಲ್ಲಿ ಬೇಕರಿಯ ಒಬ್ಬ ಗಂಡಸು. ಅವನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಒಳಕೋಣೆಯಲ್ಲಿ ನಾನು 'ಇಲ್ಲ' ಅಂದೆ. ಹಳೇ ನ್ಯಾಯಾಧೀಶ ನಕ್ಕ. ಬೇಕರಿಯೋನು ತಲೆಯಾಡಿಸಿದ. ಎರಡಕ್ಕೊಂದು. ಆಗ ನಾನು ಭಿನ್ನ ಅಭಿಪ್ರಾಯ ಬರೀತೀನಿ ಅಂದೆ, ಪುಸ್ತಕದಲ್ಲಿ ಇದೆಯಲ್ಲ. ಅರ್ಧ ಪುಟ ಬರೆದೆ. ಅದನ್ನ ಕೋರ್ಟಿನಲ್ಲಿ ಓದಲ್ಲ. ಲಕೋಟೆಗೆ ಹಾಕಿ ಅಂಟಿಸಿ ಕಡತದ ಹಿಂದೆ ಇಡ್ತಾರೆ. ಆಗ ಲಿದಿಯಾ ಕೋರ್ಟಿನ ಗುಮಾಸ್ತೆ. ಗೋಂದಿನ ಶೀಶೆ ಕೈಯಲ್ಲಿ ಹಿಡ್ಕೊಂಡು ಕಾರಿಡಾರಲ್ಲಿ ನನಗೆ ಹೇಳಿದ್ಲು: "ಹಾನ್ಯಾ, ಇದನ್ನ ಯಾರೂ ಓದಲ್ಲ. ಆದ್ರೆ ಇದು ಇದೆ ಅಂತ ಎಲ್ರಿಗೂ ಗೊತ್ತಾಗುತ್ತೆ."

ಒಂದು ತಿಂಗಳಲ್ಲೇ ನನ್ನನ್ನ ಸಂಬಳ ಕಡಿಮೆ ಇರೋ ಬಣ್ಣದ ವಿಭಾಗಕ್ಕೆ ಹಾಕಿದ್ರು. ಡಾಕ್ಟರು ಜಾಗ ಬದಲಾಯಿಸು ಅಂದ್ರು ಅಂತ ನಿನಗೂ ನಿಮ್ಮಪ್ಪನಿಗೂ ಹೇಳಿದೆ. ಅವರು ತೀರಿಕೊಳ್ಳೋವರೆಗೂ ಹಾಗೇ ನಂಬಿದ್ರು. ಒಳಕೋಣೆ ಮಾತು ಹೇಳಬಾರದು ಅಂತ ಸಹಿ ಹಾಕಿದ್ದೆ, ಹೇಳಲಿಲ್ಲ.

ಕತ್ರ್ಯಾಗೆ ಮೂರು ವರ್ಷ. ವಾಪಸ್ ಬಂದಾಗ ಮುಂದಿನ ಹಲ್ಲು ಇರಲಿಲ್ಲ. ನಾನು ಎದುರು ಬಂದ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ಲು. ನಾನೂ ತಲೆಯಾಡಿಸಿದೆ ಅಂದ್ಕೊಂಡಿದ್ಲು. ನಾನು ಹೇಳಲಿಲ್ಲ.

ಇನ್ನೂ ಇದೆ, ಅದನ್ನೂ ಹೇಳ್ಬಿಡ್ತೀನಿ. ಅವರು ನನ್ನನ್ನ ಪಟ್ಟಿಯಿಂದ ತೆಗೀಲಿಲ್ಲ. ಇನ್ನೂ ಐದು ವರ್ಷ ಕೂತೆ. ಆ ಐದು ವರ್ಷ ತಲೆಯಾಡಿಸಿದೆ. ಆಗ ನಿನಗೆ ಹನ್ನೊಂದು. ಹಾಗಾಗಿ ನೀನು ಕೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜಾನೂ ಅಲ್ಲ. ಅದಕ್ಕೇ ಉತ್ತರ ಬರೆಯಕ್ಕೆ ಆಗಲಿಲ್ಲ.

ನಾನು ಮಾಡಿದ ತಪ್ಪು ಏನು ಅಂತ ಇಲ್ಲಿ ಅಜ್ಜಿ ಬಟ್ಟೆ ಒಗೀತಾ ಯೋಚನೆ ಮಾಡ್ತಿರ್ತೀನಿ. ಒಬ್ಬಳೇ ಆದ್ರೆ ಲಕೋಟೆ. ಇಬ್ರಾದ್ರೆ ತೀರ್ಪು. ನನ್ನ ಪಕ್ಕದೋನನ್ನ ನಾನು ಒಂದು ದಿನವೂ ಮಾತಾಡಿಸಲಿಲ್ಲ. ನಾಲ್ಕು ದಿನ ಜೊತೆಗೆ ಕೂತಿದ್ವಿ. ಒಂದು ತುಂಡು ರೊಟ್ಟಿ ಬೇಕಾ ಅಂತ ಕೇಳಲಿಲ್ಲ. ಅವನು ತಲೆಯಾಡಿಸ್ತಾನೆ ಅಂತ ಮೊದಲೇ ತೀರ್ಮಾನ ಮಾಡ್ಬಿಟ್ಟಿದ್ದೆ.

ಆ ದನದ ಮುದುಕನನ್ನ ಮಾತಾಡಿಸು.

ಅಮ್ಮ


ಸ್ತಾರಿ ಬ್ರಿದ್
ಸೆಪ್ಟೆಂಬರ್ 9, 1999

ಅಮ್ಮಾ,

ಕೇಸು ವಾಪಸ್ ಬಂದಿದೆ. ಆಗಸ್ಟ್ ಕೊನೆಗೆ ಬಂತು. ಒಂಬತ್ತು ತಿಂಗಳ ಹೆಚ್ಚುವರಿ ತನಿಖೆಯಲ್ಲಿ ಸೇರಿದ್ದು ಒಂದೇ ಪುಟವಂತೆ: 'ಬೀರುವಿನ ಬೂದಿ ಗಾಳಿಗೆ ಹಾರಿಹೋಗಿರಬಹುದು.' ಪರಾಸ್ಕಾಳ ವಕೀಲ ಮಾರುಕಟ್ಟೆಯಲ್ಲಿ ಎಲ್ಲರ ಮುಂದೆ ಓದಿ ಹೇಳಿದ.

ನನ್ನನ್ನು ಕರೆದಿಲ್ಲ. ಪನಾಸ್ ತಾತ ಇದ್ದಾರೆ, ನನ್ನ ಬದಲು ಹಾಲಿನ ಡೈರಿಯವನೊಬ್ಬ. ಆದರೆ ಆ ಡೈರಿಯವನು ಎರಡು ಸಲವೂ ಬರಲಿಲ್ಲ, ಕೇಸು ಎರಡು ಸಲವೂ ಮುಂದೆ ಹೋಯಿತು. ಜನಸದಸ್ಯರು ಯಾರೂ ಬರುವುದಿಲ್ಲವೆಂಬುದು ನನಗೆ ಗೊತ್ತಿರುವ ಸಂಗತಿಯಲ್ಲವೇ? ಪಟ್ಟಿಯಿಂದ ನನ್ನ ಹೆಸರನ್ನು ಇನ್ನೂ ಯಾರೂ ಹೊಡೆದಿಲ್ಲ. ಸೋಮವಾರದಿಂದ ಬೆಳಿಗ್ಗೆ ಒಂಬತ್ತೂವರೆಗೆ ಮೆಲಾಸ್ಯಾಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಕೋರ್ಟಿನ ಕಾರಿಡಾರಿನ ಬೆಂಚಿನಲ್ಲಿ ಕೂರುತ್ತಿದ್ದೇನೆ.

"ನಿಮ್ಮನ್ನ ಕರೆದಿಲ್ವಲ್ಲ ಯಾರಿನಾ ಮಿಖೈಲಿವ್ನಾ," ಎಂದಳು ಗುಮಾಸ್ತೆ.

"ಕರೆದ್ರೆ ಹತ್ತಿರದಲ್ಲೇ ಇರೋಣ ಅಂತ."

"ಮಗುವಿಗೆ ಇಲ್ಲಿ ಶೀತ ಆಗುತ್ತೆ."

"ಟೋಪಿ ಇದೆ."

ಹೆಡ್‌ಮಾಸ್ಟರ್ ದಾರಿಯಲ್ಲಿ ಸಿಕ್ಕಿ, ಬರುವ ವರ್ಷ ಭೂಗೋಳದ ಪಾಠಗಳು ಕಡಿಮೆಯಾಗಬಹುದು, ಯಾರಿಗೂ ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು. ನಾನು ಕೇಳಿಯೇ ಇರಲಿಲ್ಲ. ಅವತ್ತು ಮನೆಗೆ ಬಂದು ಅತ್ತೆ. ಹೆದರಿಕೆಯಿಲ್ಲವೆಂದು ನಿಮಗೆ ಸುಳ್ಳು ಬರೆಯುವುದಿಲ್ಲ. 

ಪನಾಸ್ ತಾತನನ್ನು ಮಾತಾಡಿಸಿದೆ. ಏಪ್ರಿಲ್‌ನಿಂದಲೇ. ಮಾರುಕಟ್ಟೆಯಿಂದ ಬರುವಾಗ ಅವರ ಮನೆ ದಾರಿಯಲ್ಲೇ ಸಿಗುತ್ತದೆ. ಕೇಸಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ ನಾವು, ಆಡಬಾರದು. ಅವರು ಹಸುಗಳ ಬಗ್ಗೆ ಹೇಳುತ್ತಾರೆ, ನಾನು ಮಗುವಿನ ಹೊಟ್ಟೆನೋವಿನ ಬಗ್ಗೆ ಕೇಳುತ್ತೇನೆ. "ಕರು ಆಗಿದ್ರೆ ಹೇಳ್ತಿದ್ದೆ, ಮನುಷ್ಯರದ್ದು ನನಗೆ ಗೊತ್ತಿಲ್ಲಮ್ಮ," ಎನ್ನುತ್ತಾರೆ, ಆಮೇಲೆ ಸೋಂಪಿನ ನೀರು ಕುಡಿಸು ಎಂದು ಹೇಳಿಯೇಬಿಡುತ್ತಾರೆ.

ಹೋದ ವಾರ ಬೇಲಿಗೆ ಒರಗಿ, ನನ್ನ ಮುಖ ನೋಡದೆ ಹೇಳಿದರು: "ಹಸು ಯಾತರಿಂದ ಸತ್ತಿತು ಅಂತ ನಾನು ಬರೀಬೇಕಿತ್ತು, ಯಾರಿನಾ. ಮೇವು ಇಲ್ದೇ ಸಾಯ್ತಿದ್ವು. ಅಧ್ಯಕ್ಷರು 'ಜ್ವರ' ಅಂತ ಬರಿ ಅಂದ್ರು. ಇಪ್ಪತ್ತೇಳು ವರ್ಷ ಜ್ವರ ಅಂತ ಬರೆದೆ. ನಮ್ಮ ತೋಟದಷ್ಟು ಜ್ವರ ಈ ದೇಶದಲ್ಲಿ ಇನ್ನೆಲ್ಲೂ ಇರಲಿಲ್ಲ." ನಗುತ್ತಾರೆಂದುಕೊಂಡೆ. ನಗಲಿಲ್ಲ.

ಯುಖಿಮ್‌ನನ್ನು ಜೈಲಿನ ಆಸ್ಪತ್ರೆಗೆ ಹಾಕಿದ್ದಾರಂತೆ.

ಯಾರಿನಾ


ನೇಪಲ್ಸ್
ಸೆಪ್ಟೆಂಬರ್ 19, 1999

ಯಾರಿಂಕಾ,

ಬೆಂಚಿನ ಮೇಲೆ ದಿಂಬು ಹಾಕ್ಕೊಂಡು ಕೂರು. ಆ ಬೆಂಚು ನನಗೆ ಗೊತ್ತು.

ಸುಮ್ಮನಿರು ಅಂತ ಬರೆಯಕ್ಕೆ ಪೆನ್ನು ತಗೊಂಡೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ವ್ಯಾನು ಹೊರಡೋ ಹೊತ್ತಾಯ್ತು. ಕೆಲಸ ಹೋದ್ರೆ ನಾನಿದೀನಿ. ಇಷ್ಟೇ ಬರೆಯಕ್ಕೆ ಆಗಿದ್ದು.

ಅಮ್ಮ


ಸ್ತಾರಿ ಬ್ರಿದ್
ಅಕ್ಟೋಬರ್ 14, 1999

ಅಮ್ಮಾ,

ಡೈರಿಯವನು ಮೂರನೇ ಸಲವೂ ಬರಲಿಲ್ಲ. ಕೇಸು ಏಕೆ ಕೊಳೆಯುತ್ತಿದೆಯೆಂದು ಪ್ರಾಂತ ಕೋರ್ಟಿನಿಂದ ಕಾಗದ ಬಂದಿತ್ತಂತೆ. ಅಕ್ಟೋಬರ್ ನಾಲ್ಕರಂದು ಹತ್ತು ಗಂಟೆಗೆ ಲಿದಿಯಾ ಸ್ತೆಪಾನಿವ್ನಾ ಕೋಣೆಯಿಂದ ಹೊರಗೆ ಬಂದು ಕಾರಿಡಾರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಬೆಂಚಿನಲ್ಲಿ ನಾನೊಬ್ಬಳೇ.

"ನೀನು ನಿಮ್ಮಮ್ಮನ ಮಗಳೇ," ಎಂದರು. ಅದು ಬೈಗುಳವೋ ಏನೋ, ಅವರ ದನಿಯಿಂದ ತಿಳಿಯಲಿಲ್ಲ. "ಬಾ. ಮಗುನ ಯಾರಿಗಾದ್ರೂ ಕೊಟ್ಟು ಬಾ."

ಆರು ದಿನ ವಿಚಾರಣೆ ನಡೆಯಿತು. ಯುಖಿಮ್ ಈ ಸಲ ಹೇಳದೆಯೇ ಕೂತ. ನಿಲ್ಲಲು ಆಗುತ್ತಿರಲಿಲ್ಲ. ಬೀರುವಿನ ಕೀಲಿಯ ಬಗ್ಗೆ ನಾನೇ ಅಧ್ಯಕ್ಷನನ್ನು ಕೇಳಿದೆ. ಜನಸದಸ್ಯರು ಪ್ರಶ್ನೆ ಕೇಳಬಹುದೆಂದು ಪುಸ್ತಕದಲ್ಲಿದೆ. ಆದರೂ ಇಡೀ ಕೋಣೆ ನನ್ನತ್ತ ತಿರುಗಿತು, ಗೋಡೆಯ ಗಡಿಯಾರ ಮಾತಾಡಿತೇನೋ ಎಂಬಂತೆ. ಅವನು ಕೀಲಿ ಕಳೆದುಹೋಗಿತ್ತು ಎಂದ. ಎಂದು ಕಳೆಯಿತು? ನೆನಪಿಲ್ಲ. ಆಗ ಪನಾಸ್ ತಾತ ಕೆಮ್ಮಿ ಕೇಳಿದರು, ಇಪ್ಪತ್ತೊಂದು ವರ್ಷದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯಂತೆ: "ಹಾಗಾದ್ರೆ ಬೆಂಕಿ ಬಿದ್ದ ಮಾರನೇ ದಿನ ಆ ಬೀರು ಯಾರು ತೆರೆದಿದ್ರು?" ಅಧ್ಯಕ್ಷ ಪ್ರಾಸಿಕ್ಯೂಟರನ ಮುಖ ನೋಡಿದ.

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಒಳಕೋಣೆಗೆ ಹೋದೆವು. ಹೋದ ಸಲ ಒಳಗಿನದನ್ನೆಲ್ಲ ನಿಮಗೆ ಬರೆದೆ. ಈ ಸಲ ಬರೆಯುವುದಿಲ್ಲ. ನೀವು ಅಪ್ಪನಿಗೂ ಹೇಳದೆ ಅಷ್ಟು ವರ್ಷ ಇಟ್ಟುಕೊಂಡದ್ದು ಏನೆಂದು ಈಗ ಅರ್ಥವಾಗಿದೆ. ಹೊರಗಿದ್ದವರಿಗೆ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ಮೆಲಾಸ್ಯಾ ಮೂರು ಸಲ ಅತ್ತಳು. ಮೂರನೇ ಸಲ ಅತ್ತು ಅತ್ತು ಬಿಕ್ಕಳಿಕೆ ಬಂದು ನಿದ್ದೆಹೋದಳು. ಬಾಗಿಲು ತೆರೆಯಲಿಲ್ಲ. ಸ್ತೆಫಾ ಅವಳಿಗೆ ರೊಟ್ಟಿಯ ಅಂಚು ಕಚ್ಚಲು ಕೊಟ್ಟಿದ್ದಳಂತೆ. ಆ ಅಳು ನನ್ನ ಕಿವಿಯಲ್ಲಿ ಇನ್ನೂ ಇದೆ. ಆರೂವರೆಗೆ ನಾವು ಹೊರಗೆ ಬಂದೆವು. ಆರೂವರೆ ಗಂಟೆ ಅಮ್ಮಾ. ಹೊರಗೆ ಬಂದಾಗ ಪನಾಸ್ ತಾತನ ಟೋಪಿ ಹಿಂಡಿ ಮುದ್ದೆಯಾಗಿತ್ತು.

ಇನ್ನೊಂದು ಸಂಗತಿ. ಕಡತದ ಹಿಂದೆ ಒಂದು ಲಕೋಟೆ ಅಂಟಿಸಿದ್ದಾರೆ. ಅದು ನನ್ನದಲ್ಲ. ಪನಾಸ್ ತಾತನದೂ ಅಲ್ಲ.

ಎಲ್ಲರೂ ಎದ್ದು ನಿಂತರು. ಲಿದಿಯಾ ಸ್ತೆಪಾನಿವ್ನಾ ಕೈಯಲ್ಲೇ ಬರೆದಿದ್ದ ಹಾಳೆಗಳನ್ನು ಓದಿದರು. ಮಾದರಿ ಇರಲಿಲ್ಲವಲ್ಲ, ತಾವೇ ಬರೆಯಬೇಕಾಯಿತು. ದನಿ ಎಲ್ಲಿಯೂ ತಡವರಿಸಲಿಲ್ಲ, ಅದನ್ನು ನಾನು ಮೆಚ್ಚಬೇಕು. ಕೊನೆಯಲ್ಲಿ "ಖುಲಾಸೆ ಮಾಡಲಾಗಿದೆ, ಈ ಕೋಣೆಯಲ್ಲಿಯೇ ಬಿಡುಗಡೆ ಮಾಡತಕ್ಕದ್ದು," ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರಿಗೂ ಅರ್ಥವೇ ಆಗಲಿಲ್ಲ. ವಕೀಲ ಕೂಡ ಬಾಯಿ ತೆರೆದು ನಿಂತಿದ್ದ. ಕಾವಲಿನ ಪೊಲೀಸ್ ಹುಡುಗನಿಗೆ ಕಟಕಟೆಯ ಬೀಗ ತೆಗೆಯಲು ಎರಡು ಸಲ ಹೇಳಬೇಕಾಯಿತು.

ಯುಖಿಮ್ ಹೊರಗೆ ಬಂದ. ಕೈ ಹಿಂದೆ ಕಟ್ಟಿಕೊಂಡು, ಗೋಡೆಯ ಪಕ್ಕದಲ್ಲೇ, ಕೈದಿಗಳನ್ನು ಕರೆತರುವ ಹಿಂಬಾಗಿಲ ಕಡೆ ನಡೆದ.

"ಏ, ಆ ಕಡೆ ಅಲ್ಲ," ಎಂದ ಪೊಲೀಸ್.

ಅವನು ಅಲ್ಲೇ ನಿಂತ. ಪೊಲೀಸನನ್ನು ನೋಡಲಿಲ್ಲ, ಪರಾಸ್ಕಾಳನ್ನೂ ನೋಡಲಿಲ್ಲ. ನಮ್ಮ ಮೇಜಿನತ್ತ ತಿರುಗಿ ಕೇಳಿದ: "ಮುಂದಿನ ಬಾಗಿಲಿಂದ ಹೋಗ್ಬಹುದಾ?"

 ಲಿದಿಯಾ ಸ್ತೆಪಾನಿವ್ನಾ, "ಹೋಗಿ," ಎಂದರು. ಅವನನ್ನು ಬಹುವಚನದಲ್ಲಿ ಯಾರಾದರೂ ಕರೆದದ್ದು ಆ ಕೋಣೆಯಲ್ಲಿ ಅದೇ ಮೊದಲು. "ಮುಂದಿನ ಬಾಗಿಲಿಂದಾನೇ ಹೋಗಿ."

ಪ್ರಾಸಿಕ್ಯೂಟರ್‌ಗೆ ಮೇಲಿನ ಕೋರ್ಟಿಗೆ ಹೋಗಲು ಏಳು ದಿನವಿದೆ. ಹೋಗುತ್ತಾನೆ. ಅಲ್ಲಿನವರು ಆ ಲಕೋಟೆ ತೆರೆದು ಓದುತ್ತಾರೆ. ತೀರ್ಪು ಉಳಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಉಳಿಯುತ್ತದೆಂದು ನಿಮಗೆ ಬರೆದು ನಿಮ್ಮನ್ನು ಸಮಾಧಾನಪಡಿಸುವುದೂ ಇಲ್ಲ. ಶಾಲೆಯಿಂದ ಇನ್ನೂ ಕಾಗದ ಬಂದಿಲ್ಲ.

ಇವತ್ತಿಗೆ ಮೂರನೇ ದಿನ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಪರಾಸ್ಕಾ ಸಿಕ್ಕಿದ್ದಳು, ಅವನಿಗೆ ಔಷಧಿ ತೆಗೆದುಕೊಳ್ಳಲು ಬಂದಿದ್ದಳು. ಮಾತಾಡುವುದು ಸರಿಯೋ ಅಲ್ಲವೋ ಎಂದು ಇಬ್ಬರಿಗೂ ತಿಳಿಯಲಿಲ್ಲ. ಹೇಗಿದ್ದಾರೆ ಎಂದಷ್ಟೇ ಕೇಳಿದೆ.

"ಊಟ ಮಾಡ್ತಾರೆ," ಎಂದಳು. "ಬಾಗಿಲು ಹಾಕಕ್ಕೆ ಬಿಡಲ್ಲ. ಚಳಿ ಬರ್ತಿದೆ ಅಂದ್ರೂ ಕೇಳಲ್ಲ. ಎದ್ದು ಹೋಗಿ ತೆಗೆದು, ಹೊರಗೆ ಒಂದು ಕಾಲಿಟ್ಟು ನೋಡಿ, ಒಳಗೆ ಬಂದು ಕೂತ್ಕೋತಾರೆ. ದಿನಕ್ಕೆ ಎಷ್ಟು ಸಲ ಅಂತ ಎಣಿಸಕ್ಕೆ ಹೋಗಿಲ್ಲ. ಸೌದೆ ಜಾಸ್ತಿ ಹಾಕ್ತೀನಿ ಅಷ್ಟೆ."

ನಿಮ್ಮ
ಯಾರಿನಾ